ಹಲಸೂರಿನ ಗೋಡೆ, ವಿಜಯವಾಡದ ಕಲ್ಲಿನ ಬುಟ್ಟಿ: ಮದ್ರಾಸ್ ಸ್ಯಾಪರ್‌ಗಳ ಕಥೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಕ್ಯಾಬಲ್ಲಿ ಕೂತು ಓದ್ಕೋತೀವಿ ಅನ್ನೋರಿಗಾಗಿ ಎಂದಿನಂತೆ ಈ ಬರಹ. ಮಾತಲ್ಲಿ ಬಂದ "ಅದೇನಪ್ಪಾ ಅಂದ್ರೆ"ಗಳಲ್ಲಿ ಅರ್ಧ ತೆಗೆದಿದ್ದೇನೆ, ಅರ್ಧ ಹಾಗೇ ಬಿಟ್ಟಿದ್ದೇನೆ. ವಿಡಿಯೋದಲ್ಲಿ ಒಂದು ತಾರೀಖು ತಪ್ಪು ಹೇಳಿಬಿಟ್ಟಿದ್ದೆ, ಅದನ್ನೂ ಇಲ್ಲಿ ಸರಿ ಮಾಡಿದ್ದೇನೆ. ಎಲ್ಲಿ ಅಂತ ಬಂದಾಗ ಹೇಳ್ತೀನಿ.

ವಿಶಾಖಪಟ್ಟಣಕ್ಕೆ ಕೆಲಸಕ್ಕೆ ಬಂದ ಕನ್ನಡಿಗರು ಮೊದಲ ಭಾನುವಾರ ಏನು ಮಾಡ್ತಾರೆ? ಬೀಚ್ ರೋಡಿಗೆ ಹೋಗ್ತಾರೆ. ಅಲ್ಲಿ ಕುರ್ಸುರಾ ಸಬ್‌ಮರೀನ್ ಒಳಗೆ ತಲೆ ತಗ್ಗಿಸಿ ಓಡಾಡಿ, ಎದುರಿಗೆ ನಿಲ್ಲಿಸಿರೋ ದೊಡ್ಡ ನೌಕಾಪಡೆ ವಿಮಾನದ ಮುಂದೆ ಫೋಟೋ ತೆಗೆಸ್ಕೊಂಡು, 1971ರ ಸ್ಮಾರಕ ನೋಡಿ ಬರ್ತಾರೆ. ನಾನೂ ಅಷ್ಟೇ ಮಾಡಿದ್ದೆ. ಇದು ನೌಕಾಪಡೆಯ ಊರು. ಇಲ್ಲಿ ಮಿಲಿಟರಿ ಅಂದ್ರೆ ಬಿಳಿ ಯೂನಿಫಾರ್ಮು.

ಹಾಗಾಗಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಹಿರಿಯರು ಮಿಲಿಟರಿಯಿಂದ ರಿಟೈರ್ ಆದವರು ಅಂತ ಗೊತ್ತಾದಾಗ ನೇವಿಯವರೇ ಇರಬೇಕು ಅಂದ್ಕೊಂಡೆ. ಊರು ಶ್ರೀಕಾಕುಳಂ ಕಡೆ. ಒಂದಿನ ಲಿಫ್ಟಲ್ಲಿ ನಾನು ಫೋನಲ್ಲಿ ಅಮ್ಮನ ಜೊತೆ ಮಾತಾಡ್ತಿದ್ದೆ. ಇಳಿಯೋವಾಗ ಅವರು ಕನ್ನಡದಲ್ಲೇ ಕೇಳಿದರು: "ಬೆಂಗಳೂರಲ್ಲಿ ಎಲ್ಲಿ ಸಾರ್? ಹಲಸೂರು ಕೆರೆ ಗೊತ್ತಾ ನಿಮಗೆ?" ಕಂಟೋನ್ಮೆಂಟ್ ಕನ್ನಡ ಅದು, ಅರ್ಧ ತಮಿಳು ಬೆರೆತದ್ದು, ತೆಲುಗಿನ ರಾಗದಲ್ಲಿ. 1974ರಲ್ಲಿ ಹಲಸೂರಿಗೆ ಟ್ರೈನಿಂಗಿಗೆ ಬಂದವರಂತೆ. ಮದ್ರಾಸ್ ಎಂಜಿನಿಯರ್ ಗ್ರೂಪ್. ನಾವೆಲ್ಲ ಎಂ.ಇ.ಜಿ. ಅನ್ನೋದು.

ಗೊತ್ತಾ ಅಂದ್ರೆ! ಆರು ವರ್ಷ ನಾನು ಬಾಣಸವಾಡಿಯಿಂದ ಎಂ.ಜಿ. ರೋಡ್ ಕಡೆ ಆಫೀಸಿಗೆ ಹೋಗಿದ್ದು ಆ ಕೆರೆ ಪಕ್ಕದಲ್ಲೇ. ಟ್ರಾಫಿಕ್ಕಲ್ಲಿ ನಿಂತಾಗಲೆಲ್ಲ ಒಂದು ಕಡೆ ಕೆರೆ, ಇನ್ನೊಂದು ಕಡೆ ಮಿಲಿಟರಿ ಗೋಡೆ. ಗೋಡೆ ಆಚೆ ಏನಿದೆ ಅಂತ ಒಂದು ಸಲವೂ ಯೋಚನೆ ಮಾಡಿರಲಿಲ್ಲ. ಬೆಂಗಳೂರಲ್ಲಿ ಹುಟ್ಟಿ ಬೆಳೆದ ನಾನು ಆ ಗೋಡೆ ಬಗ್ಗೆ ತಿಳ್ಕೊಂಡಿದ್ದು ಆಂಧ್ರದ ಸಮುದ್ರ ದಂಡೆಯಲ್ಲಿ, ಒಬ್ಬ ತೆಲುಗು ಸುಬೇದಾರರಿಂದ. ಅವರ ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಸುಬೇದಾರರು ಅಂತಲೇ ಕರೀತೀನಿ.

ಮೊದಲು ಪದದ ಅರ್ಥ. ಸ್ಯಾಪರ್ ಅಂದ್ರೆ ಯಾರು? ಕೋಟೆಗೆ ಮುತ್ತಿಗೆ ಹಾಕೋ ಕಾಲದ ಪದ ಇದು. ಕೋಟೆ ಮೇಲಿಂದ ತೋಪು, ಬಂದೂಕು. ಬಯಲಲ್ಲಿ ನೇರವಾಗಿ ನಡೆದು ಹೋದ್ರೆ ಸತ್ತಂತೆಯೇ. ಅದಕ್ಕೆ ಕೋಟೆ ಕಡೆಗೆ ಒಂದು ಕಂದಕ ತೋಡ್ಕೊಂಡು ಹೋಗ್ತಿದ್ದರು, ಹಾವಿನ ಥರ ಅಂಕುಡೊಂಕಾಗಿ. ನೇರ ತೋಡಿದ್ರೆ ಕೋಟೆ ಮೇಲಿನ ಗುಂಡು ಕಂದಕದ ಉದ್ದಕ್ಕೂ ಬೀಳುತ್ತಲ್ಲ, ಅದಕ್ಕೆ. ಆ ಕಂದಕಕ್ಕೆ ಸ್ಯಾಪ್ ಅಂತ ಹೆಸರು, ಫ್ರೆಂಚಿನಿಂದ ಬಂದದ್ದು. ತೋಡುವವನು ಸ್ಯಾಪರ್. ಅವನ ಕೈಯಲ್ಲಿ ಗುದ್ದಲಿ. ಅವನ ಮುಂದೆ ಒಂದು ಬುಟ್ಟಿ, ಕಡ್ಡಿಯಲ್ಲಿ ಹೆಣೆದದ್ದು, ತಳ ಇಲ್ಲದ್ದು, ಸೊಂಟದೆತ್ತರದ್ದು. ತೋಡಿದ ಮಣ್ಣನ್ನು ಅದಕ್ಕೇ ತುಂಬಬೇಕು, ತುಂಬಿದ ಬುಟ್ಟಿಯೇ ಗುಂಡಿಗೆ ಅಡ್ಡ ಗೋಡೆ. ಅದು ತುಂಬಿದ ಮೇಲೆ ಮುಂದೆ ಇನ್ನೊಂದು. ಈ ಬುಟ್ಟಿಗೆ ಗೇಬಿಯನ್ ಅಂತಾರೆ. ಈ ಹೆಸರು ನೆನಪಿಟ್ಕೊಳ್ಳಿ, ಕೊನೆಗೆ ವಿಜಯವಾಡದಲ್ಲಿ ಮತ್ತೆ ಸಿಗುತ್ತೆ.

ಯೋಚನೆ ಮಾಡಿ, ಇಡೀ ಸೈನ್ಯದಲ್ಲಿ ಶತ್ರುವಿಗೆ ಎಲ್ಲರಿಗಿಂತ ಹತ್ತಿರ ಇರೋನು ಇವನು. ಕೈಯಲ್ಲಿರೋದು ಮಾತ್ರ ಮಣ್ಣು.

ಈ ರೆಜಿಮೆಂಟು ಹುಟ್ಟಿದ್ದು ಹೇಗೆ? ಇಲ್ಲಿ ನಮ್ಮ ಕಡೆಯ ಕಥೆ ಶುರುವಾಗುತ್ತೆ. 1780ರ ಜುಲೈನಲ್ಲಿ ಹೈದರ್ ಅಲಿ ಮೈಸೂರಿನಿಂದ ದೊಡ್ಡ ಸೈನ್ಯ ತಗೊಂಡು ಘಟ್ಟ ಇಳಿದು ಕರ್ನಾಟಿಕ್ ಅಂತ ಕರೀತಿದ್ದ ಈಗಿನ ತಮಿಳುನಾಡಿನ ಬಯಲಿಗೆ ನುಗ್ಗಿದ. ಸೆಪ್ಟೆಂಬರ್ 10ಕ್ಕೆ ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಕಂಪನಿ ಸೈನ್ಯ ಧೂಳೀಪಟ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಸ್ಕೂಲ್ ಟ್ರಿಪ್ಪಲ್ಲಿ ಹೋಗಿರ್ತೀರಲ್ಲ, ಗೋಡೆ ತುಂಬ ಆನೆ, ಕುದುರೆ, ಪಲ್ಲಕ್ಕಿಯಲ್ಲಿ ಕೂತ ಇಂಗ್ಲಿಷ್ ಅಧಿಕಾರಿ ಇರೋ ಚಿತ್ರ? ಅದು ಇದೇ ಯುದ್ಧ.

ಆ ಸೋಲಾಗಿ ಇಪ್ಪತ್ತು ದಿನಕ್ಕೆ, 1780 ಸೆಪ್ಟೆಂಬರ್ 30ಕ್ಕೆ, ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿ ಎರಡು ಕಂಪನಿ ಪಯನೀರ್‌ಗಳನ್ನು ಕಟ್ಟಿದರು. ಕಟ್ಟಿದವನು ಲೆಫ್ಟಿನೆಂಟ್ ಜೋಸೆಫ್ ಮೂರ್‌ಹೌಸ್, ಫಿರಂಗಿ ಪಡೆಯವನು. ಇವತ್ತಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ತನ್ನ ಹುಟ್ಟುಹಬ್ಬ ಮಾಡೋದು ಇದೇ ದಿನದ್ದು.

ಅದೇ ವಾರ ನಾನೀಗ ಕೂತಿರೋ ಊರಲ್ಲಿ ಏನಾಯ್ತು ಗೊತ್ತಾ? ಅಕ್ಟೋಬರ್ 3ಕ್ಕೆ, ಅಂದ್ರೆ ಮೂರೇ ದಿನಕ್ಕೆ, ವಿಶಾಖಪಟ್ಟಣದಲ್ಲಿ ಸಿಪಾಯಿಗಳು ದಂಗೆ ಎದ್ದರು. ಹೈದರ್ ಮೇಲೆ ಯುದ್ಧಕ್ಕೆ ಮದ್ರಾಸಿಗೆ ಹೋಗೋಕೆ ಹಡಗು ಹತ್ತಿ ಅಂದ್ರು, ಇವರು ಹತ್ತಲ್ಲ ಅಂದ್ರು. ಗುಂಡು ಹಾರಿತು, ಕೆಲವು ಇಂಗ್ಲಿಷರು ಸತ್ತರು. 1857 ಅಂತ ನಾವು ಶಾಲೆಯಲ್ಲಿ ಓದಿದ್ದಕ್ಕೆ 77 ವರ್ಷ ಮುಂಚೆ. ಹೀಗೆ ನಮ್ಮ ಹೈದರನ ಒಂದು ದಂಡಯಾತ್ರೆಗೆ ಮದ್ರಾಸಲ್ಲಿ ಒಂದು ರೆಜಿಮೆಂಟು ಹುಟ್ಟಿತು, ವೈಜಾಗಲ್ಲಿ ಒಂದು ರೆಜಿಮೆಂಟು ಎದ್ದು ನಿಂತಿತು. ಸುಬೇದಾರರಿಗೆ ಮೊದಲನೆಯದು ಬಾಯಿಪಾಠ. ಎರಡನೆಯದು ಗೊತ್ತಿರಲಿಲ್ಲ. ತಮ್ಮೂರಿನ ಹತ್ತಿರದ ಕಥೆ, ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಒಂದೇ: "ಸಂಬಳ ಬಾಕಿ ಇತ್ತಾ?"

ಈಗ ಕಷ್ಟದ ಭಾಗ. ಮೂರ್‌ಹೌಸ್ ಸತ್ತದ್ದು ಎಲ್ಲಿ? ಬೆಂಗಳೂರಲ್ಲಿ. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿಗೆ ಬಂದ. ಮೊದಲು ಮುತ್ತಿದ್ದು ಪೇಟೆಯನ್ನ, ಅಂದ್ರೆ ಈಗಿನ ಚಿಕ್ಕಪೇಟೆ, ಅವೆನ್ಯೂ ರೋಡ್ ಇರೋ ಜಾಗ. ಸುತ್ತ ಮುಳ್ಳುಬೇಲಿ, ಕಂದಕ, ಬಾಗಿಲು. ಹಲಸೂರು ಬಾಗಿಲ ಮುಂದೆ ಮೂರ್‌ಹೌಸ್‌ಗೆ ಗುಂಡು ಬಿತ್ತು, ಮಾರ್ಚ್ 7ಕ್ಕೆ. ವಿಡಿಯೋದಲ್ಲಿ ನಾನು ಮಾರ್ಚ್ 21 ಅಂದುಬಿಟ್ಟೆ. 21ರ ರಾತ್ರಿ ಬಿದ್ದದ್ದು ಕೋಟೆ. ಅವತ್ತು ಸತ್ತದ್ದು ಕೋಟೆ ಕಾಯ್ತಿದ್ದ ಕಿಲ್ಲೇದಾರ ಬಹಾದ್ದೂರ್ ಖಾನ್. ಮೂರ್‌ಹೌಸನ ಸಾವಿನ ದೊಡ್ಡ ತೈಲಚಿತ್ರ ಒಂದನ್ನು ರಾಬರ್ಟ್ ಹೋಮ್ ಅನ್ನೋ ಚಿತ್ರಕಾರ ಬರೆದ, ಅದು ಈಗ ಲಂಡನ್ನಿನ ಸೇನಾ ಮ್ಯೂಸಿಯಮ್ಮಿನಲ್ಲಿದೆ. ಬಹಾದ್ದೂರ್ ಖಾನನ ಚಿತ್ರ ನಮ್ಮ ಮನೆಗಳಲ್ಲಿ ಯಾರು ಇಟ್ಟಿದ್ದಾರೆ ಹೇಳಿ.

ಅಂದ್ರೆ ಈ ರೆಜಿಮೆಂಟನ್ನು ಕಟ್ಟಿದವನು ಸತ್ತದ್ದು ನಮ್ಮ ಪೇಟೆಯನ್ನು ಒಡೆಯುವಾಗ. ಎಂಟು ವರ್ಷಕ್ಕೆ, 1799ರಲ್ಲಿ, ಇದೇ ಪಯನೀರ್‌ಗಳು ಶ್ರೀರಂಗಪಟ್ಟಣದ ಎದುರು ಕಾವೇರಿ ದಂಡೆಯಲ್ಲಿ ಕಂದಕ ತೋಡಿದರು, ಬುಟ್ಟಿಗೆ ಮಣ್ಣು ತುಂಬಿದರು. ಮೇ 4ಕ್ಕೆ ಕೋಟೆಯ ಗೋಡೆ ಬಿರುಕಿನ ಮೂಲಕ ಸೈನ್ಯ ಒಳಗೆ ಹೋಯ್ತು, ಟಿಪ್ಪು ಸತ್ತ. ರೆಜಿಮೆಂಟಿನ ಯುದ್ಧ ಗೌರವಗಳ ಪಟ್ಟಿಯಲ್ಲಿ ಶ್ರೀರಂಗಪಟ್ಟಣದ ಹೆಸರಿದೆ.

ಇದನ್ನು ಸುಬೇದಾರರ ಎದುರಿಗೆ ಸ್ವಲ್ಪ ಖಾರವಾಗಿಯೇ ಹೇಳಿದೆ. ನೀವು ಹೆಮ್ಮೆಯಿಂದ ಹೇಳೋ ರೆಜಿಮೆಂಟು ಬೆಂಗಳೂರು ಬಾಗಿಲು ಒಡೆದದ್ದು ಸಾರ್, ಅಂದೆ. ಅವರು ಟೀ ಕುಡಿಯುತ್ತ, "ಗೊತ್ತು, ನಮಗೂ ಹೇಳಿಕೊಡ್ತಾರೆ" ಅಂದರು. "ಹೊರಗೆ ಗುದ್ದಲಿ ಹಿಡಿದೋನ ಹೊಟ್ಟೇಲೂ ಅಂಬಲಿ, ಒಳಗೆ ಬಾಗಿಲು ಹಿಡಿದೋನ ಹೊಟ್ಟೇಲೂ ಅಂಬಲಿ." ಇದು ಉತ್ತರ ಅಲ್ಲ ಅಂತ ನನಗೂ ಗೊತ್ತು. ಹಳೇ ಸಿಪಾಯಿಗಳು ಚರ್ಚೆಯಿಂದ ಜಾರಿಕೊಳ್ಳೋ ರೀತಿ ಇದು. ನಾನು ಬಿಡಲಿಲ್ಲ, ಅವರೂ ಬಿಡಲಿಲ್ಲ. ನಮ್ಮಿಬ್ಬರ ಸ್ನೇಹ ಬೆಳೆದದ್ದೇ ಈ ಜಗಳದಿಂದ.

ಒಂದು ಮಾತು ಮಾತ್ರ ಒಪ್ಪಬೇಕು. ಆ ಗುದ್ದಲಿ ಹಿಡಿದವರು ಯಾರು ಅನ್ನೋದು. ಮದ್ರಾಸ್ ಪಯನೀರ್, ಸ್ಯಾಪರ್ ಕಂಪನಿಗಳಿಗೆ ಸೇರಿದವರಲ್ಲಿ ಬಹಳಷ್ಟು ಜನ ಊರ ಹೊರಗಿಟ್ಟ ಜಾತಿಗಳವರು, ತಮಿಳು ಪರೈಯರು, ಕ್ರೈಸ್ತರು, ತೆಲುಗಿನ ಬಡ ಕುಟುಂಬಗಳವರು. ಊರ ಬಾವಿ ಮುಟ್ಟೋ ಹಾಗಿಲ್ಲದವನು ಇಲ್ಲಿ ಹವಾಲ್ದಾರ, ಸುಬೇದಾರ ಆಗಬಹುದಿತ್ತು. 1880ರ ದಶಕದಲ್ಲಿ ಮದ್ರಾಸಿನ ದಂಡನಾಯಕನಾಗಿದ್ದ ಫ್ರೆಡರಿಕ್ ರಾಬರ್ಟ್ಸ್, ದಕ್ಷಿಣದವರು ಯುದ್ಧಕ್ಕೆ ಲಾಯಕ್ಕಲ್ಲ, ಉತ್ತರದವರೇ ವೀರ ಜನಾಂಗ ಅಂತ ತೀರ್ಮಾನ ಮಾಡಿದವನು. ಅವನ ಕಾಲದಿಂದ ಮದ್ರಾಸ್ ಪದಾತಿ ಪಲ್ಟನ್‌ಗಳು ಒಂದೊಂದಾಗಿ ಕರಗಿದವು, ತೆಲುಗರ ನೇಮಕ ಕುಗ್ಗಿತು. ಸ್ಯಾಪರ್‌ಗಳನ್ನು ಮಾತ್ರ ಮುಟ್ಟೋಕಾಗಲಿಲ್ಲ. ಸೇತುವೆ ಕಟ್ಟೋನ್ನ "ವೀರನಲ್ಲ" ಅಂತ ಕಳಿಸಿಬಿಟ್ರೆ ವೀರರು ಹೊಳೆ ದಾಟೋದು ಹೇಗೆ?

ಇನ್ನು ಹೆಸರುಗಳ ಲೆಕ್ಕ, ಬೇಗ ಹೇಳಿಬಿಡ್ತೀನಿ. 1831ರಲ್ಲಿ ಪಯನೀರ್ ಹೋಗಿ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಆಯ್ತು. ಮುಂದೆ ಅದಕ್ಕೆ ವಿಕ್ಟೋರಿಯಾ ರಾಣಿಯ ಹೆಸರೂ ಸೇರಿತು. ಸ್ವಾತಂತ್ರ್ಯ ಬಂದ ಮೇಲೆ ಮದ್ರಾಸ್ ಎಂಜಿನಿಯರ್ ಗ್ರೂಪ್. 19ನೇ ಶತಮಾನದಲ್ಲೇ ಬೆಂಗಳೂರು ಇವರ ಕಾಯಂ ಮನೆಯಾಯ್ತು. ಕಟ್ಟಿದವನು ಹಲಸೂರು ಬಾಗಿಲಲ್ಲಿ ಸತ್ತ, ಪಡೆ ಹಲಸೂರು ಕೆರೆ ದಂಡೆಯಲ್ಲಿ ನೆಲೆ ನಿಂತಿತು. ಬಾಗಿಲು ಈಗ ಇಲ್ಲ, ಹಲಸೂರು ಗೇಟ್ ಅಂತ ಪೊಲೀಸ್ ಠಾಣೆ ಇದೆ. 1791ರಲ್ಲಿ ಸತ್ತ ಇಂಗ್ಲಿಷರ ಸ್ಮಾರಕ ಕಂಬವೂ ಕಾರ್ಪೊರೇಷನ್ ಹತ್ತಿರ ಇತ್ತು, 1964ರಲ್ಲಿ ಒಡೆದು ಹಾಕಿದರು.

ಆದ್ರೆ ರಸ್ತೆ ಹೆಸರುಗಳು ಉಳಿದಿವೆ. ಹಲಸೂರು ಕೆರೆ ಹತ್ತಿರ ಅಸ್ಸಾಯೆ ರೋಡ್ ಇದೆ, ಮೀನಿ ಅವೆನ್ಯೂ ಇದೆ. ಡೆಲಿವರಿ ಹುಡುಗನಿಗೆ ಎಷ್ಟು ಸಲ ಹೇಳಿಲ್ಲ ಈ ಅಡ್ರೆಸ್ಸು. ಅಸ್ಸಾಯೆ ಅಂದ್ರೆ ಈಗಿನ ಮಹಾರಾಷ್ಟ್ರದ ಒಂದು ಹಳ್ಳಿ, 1803ರಲ್ಲಿ ಮರಾಠರ ಮೇಲೆ ಯುದ್ಧ ನಡೆದ ಜಾಗ. ಮೀನಿ ಇರೋದು ಸಿಂಧ್‌ನಲ್ಲಿ, ಈಗಿನ ಪಾಕಿಸ್ತಾನದ ಹೈದರಾಬಾದ್ ಹತ್ತಿರ, 1843ರ ಯುದ್ಧ. ಎರಡರಲ್ಲೂ ಈ ಪಡೆಯ ತಂಬಿಗಳಿದ್ದರು. ಹೌದು, ತಂಬಿ ಅಂತಲೇ ಇವರನ್ನು ಸೈನ್ಯದಲ್ಲೆಲ್ಲ ಕರೆಯೋದು. ಶ್ರೀಕಾಕುಳದ ತೆಲುಗನೂ ತಂಬಿ, ಹಾಸನದ ಕನ್ನಡಿಗನೂ ತಂಬಿ.

ನಮ್ಮ ಐ.ಟಿ. ಜನಕ್ಕೆ ಇಷ್ಟ ಆಗೋ ಒಂದು ವಿಷಯ. ಅಮೆರಿಕದಲ್ಲಿ ಒಂದು ಕಾಲಕ್ಕೆ "ಬ್ಯಾಂಗಲೋರ್ಡ್" ಅಂತ ಕ್ರಿಯಾಪದವೇ ಇತ್ತು, ಕೆಲಸ ಹೋಗಿ ಇಂಡಿಯಾಕ್ಕೆ ಬಂತು ಅನ್ನೋ ಅರ್ಥದಲ್ಲಿ. ಅದಕ್ಕೂ ಎಷ್ಟೋ ಮೊದಲೇ ಪಾಶ್ಚಾತ್ಯ ಸೈನಿಕರ ಬಾಯಲ್ಲಿ ನಮ್ಮೂರ ಹೆಸರಿತ್ತು. 1912ರಲ್ಲಿ ಬೆಂಗಳೂರಿನ ಸ್ಯಾಪರ್ ಕೇಂದ್ರದಲ್ಲಿ ಕ್ಯಾಪ್ಟನ್ ಮ್ಯಾಕ್ಲಿಂಟಾಕ್ ಅನ್ನೋನು ಒಂದು ಸಾಧನ ಮಾಡಿದ. ಬಹಳ ಸರಳ: ಕೊಳವೆಯಲ್ಲಿ ಸಿಡಿಮದ್ದು ತುಂಬೋದು. ಒಂದು ಕೊಳವೆಗೆ ಇನ್ನೊಂದು ಜೋಡಿಸ್ತಾ, ಮಲಗಿದಲ್ಲಿಂದಲೇ ಮುಳ್ಳುತಂತಿ ಬೇಲಿಯ ಕೆಳಗೆ ಮುಂದಕ್ಕೆ ತಳ್ಳೋದು. ಸಿಡಿಸಿದ್ರೆ ಬೇಲಿ ಹರಿದು ಒಂದು ಓಣಿ ಆಗುತ್ತೆ. ಹೆಸರು ಬ್ಯಾಂಗಲೂರ್ ಟಾರ್ಪೆಡೊ. 1944ರ ಜೂನ್‌ನಲ್ಲಿ ಅಮೆರಿಕನ್ನರು ನಾರ್ಮಂಡಿಯ ಓಮಹಾ ಬೀಚ್ ಹತ್ತಿದ್ದು ಇದನ್ನೇ ಸಿಡಿಸಿಕೊಂಡು. ಸೇವಿಂಗ್ ಪ್ರೈವೇಟ್ ರಯಾನ್ ಸಿನಿಮಾದಲ್ಲಿ ಗುಂಡಿನ ಮಳೆ ನಡುವೆ ಒಬ್ಬ "ಬ್ಯಾಂಗಲೂರ್ಸ್!" ಅಂತ ಕಿರುಚ್ತಾನಲ್ಲ, ಅದು ನಮ್ಮ ಹಲಸೂರೇ. ಕಾಲೇಜಲ್ಲಿ ಆ ಸಿನಿಮಾ ನೋಡಿದಾಗ ನಾನು ಕಿವಿ ತಪ್ಪು ಕೇಳಿಸ್ತು ಅಂದ್ಕೊಂಡಿದ್ದೆ.

ಅದೇ ವರ್ಷ ಇಟಲಿಯಲ್ಲಿ ನಡೆದದ್ದನ್ನು ಸುಬೇದಾರರು ಹೇಳೋವಾಗ ಎದ್ದು ನಿಲ್ತಾರೆ. 1944 ಫೆಬ್ರವರಿ 24, ಮಿನ್ಯಾನೊ ಅನ್ನೋ ಜಾಗ. ಸುಬೇದಾರ್ ಸುಬ್ರಮಣಿಯನ್ ಮತ್ತು ಕೆಲವರು ನೆಲಬಾಂಬು ಹುಡುಕ್ತಾ ದಾರಿ ತೆರವು ಮಾಡ್ತಿದ್ದರು. ಒಬ್ಬನ ಕಾಲು ಬಾಂಬಿನ ಮೇಲೆ ಬಿತ್ತು. ಅಂಥ ಬಾಂಬು ಒತ್ತಿದ ತಕ್ಷಣ ಸಿಡಿಯಲ್ಲ, ಕೆಲವು ಸೆಕೆಂಡು ಕೊಡುತ್ತೆ. ಆ ಸೆಕೆಂಡುಗಳಲ್ಲಿ ಓಡಬಹುದಿತ್ತು. ಸುಬ್ರಮಣಿಯನ್ ಬಾಂಬಿನ ಮೇಲೆ ತಾನೇ ಬಿದ್ದರು. ಉಳಿದವರು ಬದುಕಿದರು. ಮರಣೋತ್ತರ ಜಾರ್ಜ್ ಕ್ರಾಸ್ ಬಂತು.

ಸ್ವತಂತ್ರ ಭಾರತದಲ್ಲಿ ಎರಡು ಕಥೆ ಸಾಕು. 1948ರ ನವೆಂಬರ್ 1, ಕಾಶ್ಮೀರದ ಜೋಜಿ ಲಾ ಕಣಿವೆ ದಾರಿ, ಹನ್ನೊಂದು ಸಾವಿರ ಅಡಿಗೂ ಮೇಲೆ. ಅಷ್ಟೆತ್ತರಕ್ಕೆ ಟ್ಯಾಂಕು ಬರಬಹುದು ಅಂತ ಎದುರಾಳಿ ಕನಸಲ್ಲೂ ಯೋಚಿಸಿರಲಿಲ್ಲ. ಆ ದಾಳಿಯ ಹಿಂದಿನ ತಲೆ ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ. ಮುಂದಿನ ಟ್ಯಾಂಕಲ್ಲಿ ಅವರೇ ಇದ್ದರು ಅನ್ನೋ ಕಥೆ ನಮಗೆಲ್ಲ ಗೊತ್ತು. ಟ್ಯಾಂಕು ಮೇಲೆ ಹೋಗಿದ್ದು ಹೇಗೆ ಅನ್ನೋದು ಗೊತ್ತಿಲ್ಲ. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯೋ ಜಾಡು. ಅದನ್ನು ಬಂಡೆ ಸಿಡಿಸಿ ಅಗಲ ಮಾಡಿದ್ದು ಮೇಜರ್ ತಂಗರಾಜು ಅವರ ಮದ್ರಾಸ್ ಸ್ಯಾಪರ್‌ಗಳು, ಸಮುದ್ರ ಮಟ್ಟದಲ್ಲಿ ಹುಟ್ಟಿ ಬೆಳೆದು ಹಿಮವನ್ನೇ ನೋಡದಿದ್ದ ಹುಡುಗರು.

ಇನ್ನೊಂದು 1971 ಡಿಸೆಂಬರ್ 15ರ ರಾತ್ರಿ, ಶಕರ್‌ಗಢ ವಲಯದ ಬಸಂತರ್ ನದಿ. ನದಿ ಆಚೆ ನಮ್ಮ ಪದಾತಿಗಳು ಕಾಲೂರಿದ್ದಾರೆ, ಎದುರಿಂದ ಟ್ಯಾಂಕು ಬರ್ತಿವೆ, ನಮ್ಮ ಟ್ಯಾಂಕು ನದಿ ಈಚೆ. ನಡುವೆ ನೆಲಬಾಂಬಿನ ಹೊಲ. ದಾರಿ ಮಾಡ್ತಿದ್ದದ್ದು ಮದ್ರಾಸ್ ಸ್ಯಾಪರ್‌ಗಳ 9 ಎಂಜಿನಿಯರ್ ರೆಜಿಮೆಂಟ್. ಗುಂಡಿನ ಮಳೆಯಲ್ಲಿ ನಿಂತು ಈ ಕೆಲಸ ಮಾಡಿಸಿದ ಮೇಜರ್ ವಿಜಯ್ ರತ್ತನ್ ಚೌಧರಿ ಅಲ್ಲೇ ಸತ್ತರು, ಮರಣೋತ್ತರ ಮಹಾವೀರ ಚಕ್ರ. ಪೂನಾ ಹಾರ್ಸ್‌ನ ಟ್ಯಾಂಕುಗಳು ದಾರಿ ಪೂರ್ತಿ ಆಗೋ ತನಕ ಕಾಯದೆ ನುಗ್ಗಿದವು. 21 ವರ್ಷದ ಅರುಣ್ ಖೇತ್ರಪಾಲ್ ಮರುದಿನ ಹೋರಾಡಿ ಪರಮವೀರ ಚಕ್ರ ಪಡೆದು ಸತ್ತದ್ದು ಇದೇ ಯುದ್ಧದಲ್ಲಿ. ಖೇತ್ರಪಾಲ್ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕು ಕೂಡ. ಆದ್ರೆ ಆ ಟ್ಯಾಂಕಿನ ಚೈನು ಉರುಳಿದ ಓಣಿಯನ್ನು ಕತ್ತಲಲ್ಲಿ ತೆರೆದವರ ಹೆಸರು ಸುಬೇದಾರರಿಗೆ ಗೊತ್ತು, ನಿಮಗೂ ನನಗೂ ಗೊತ್ತಿಲ್ಲ. 1974ರಲ್ಲಿ ಅವರಿಗೆ ಕಲಿಸಿದ ಉಸ್ತಾದ್‌ಗಳಲ್ಲಿ ಅಲ್ಲಿಂದ ಬಂದವರಿದ್ದರು. "ಅವರು ಯುದ್ಧದ ಬಗ್ಗೆ ಹೇಳ್ತಿರಲಿಲ್ಲ ಸಾರ್. ಸರಳನ್ನು ಮಣ್ಣಿಗೆ ಓರೆಯಾಗಿ ಚುಚ್ಚು, ನೇರ ಚುಚ್ಚಬೇಡ. ದಿನಾ ಇದೇ."

ನೇರ ಚುಚ್ಚಿದ್ರೆ ಬಾಂಬಿನ ತಲೆ ಮೇಲೆ ಬೀಳುತ್ತೆ. ಓರೆಯಾಗಿ ಚುಚ್ಚಿದ್ರೆ ಪಕ್ಕ ತಾಗುತ್ತೆ. ಜೀವ ಇರೋದು ಆ ಕೋನದಲ್ಲಿ.

ಈಗ ವಿಜಯವಾಡ. 2024ರ ಆಗಸ್ಟ್ ಕೊನೆಗೆ, ಸೆಪ್ಟೆಂಬರ್ ಶುರುವಿಗೆ ಬಂದ ಪ್ರವಾಹ ನೆನಪಿರಬೇಕು. ನನ್ನ ಟೀಮಿನ ಹುಡುಗ ಒಬ್ಬನ ಮನೆ ಅಲ್ಲಿನ ಸಿಂಗ್ ನಗರ. ಶನಿವಾರ ರಾತ್ರಿ ಫೋನ್ ಬಂತು, ಭಾನುವಾರ ಬೆಳಿಗ್ಗೆ ಹೊತ್ತಿಗೆ ಅವನ ತಂದೆ ತಾಯಿ ಮೊದಲ ಮಹಡಿಯಲ್ಲಿ ಸಿಕ್ಕಿಕೊಂಡಿದ್ದರು. ಇಲ್ಲಿ ಒಂದು ತಪ್ಪು ತಿಳುವಳಿಕೆ ತಿದ್ದಬೇಕು. ಊರು ಮುಳುಗಿಸಿದ್ದು ಮುಖ್ಯವಾಗಿ ಕೃಷ್ಣಾ ಅಲ್ಲ. ಕೃಷ್ಣೆಯಲ್ಲಿ ಪ್ರಕಾಶಂ ಬ್ಯಾರೇಜ್ ಹತ್ತಿರ 11 ಲಕ್ಷ ಕ್ಯೂಸೆಕ್ ಮೀರಿ ನೀರು ಹರಿದದ್ದು ನಿಜ. ಆದ್ರೆ ಸಿಂಗ್ ನಗರಕ್ಕೆ ನುಗ್ಗಿದ್ದು ಬುಡಮೇರು ಅನ್ನೋ ಹಳ್ಳ. ಅದರ ಎಡದಂಡೆ ಮೂರು ಕಡೆ ಒಡೆದಿತ್ತು. ಎರಡನ್ನು ರಾಜ್ಯದ ನೀರಾವರಿಯವರು ಮುಚ್ಚಿದರು. ಮೂರನೆಯದು ದೊಡ್ಡದು, ಹಾಕಿದ ಕಲ್ಲು ಕೊಚ್ಚಿಕೊಂಡು ಹೋಗ್ತಿತ್ತು. ಸೇನೆಯನ್ನು ಕರೆಸಿದರು, ಸೇನೆಯವರು ಮಾಡಿದ್ದು ಬುಟ್ಟಿ ಕಟ್ಟೋದು. ಗೇಬಿಯನ್.

ಕಡ್ಡಿಯ ಬದಲು ಈಗ ತಂತಿ ಜಾಲರಿ, ಮಣ್ಣಿನ ಬದಲು ಕಲ್ಲು. ಬಿಡಿ ಕಲ್ಲನ್ನು ಹರಿಯೋ ನೀರಿಗೆ ಹಾಕಿದ್ರೆ ಒಂದೊಂದಾಗಿ ತಗೊಂಡು ಹೋಗುತ್ತೆ. ಅದೇ ಕಲ್ಲನ್ನು ಜಾಲರಿಯಲ್ಲಿ ಕಟ್ಟಿದ್ರೆ ಇಡೀ ಬುಟ್ಟಿಯೇ ಒಂದು ಬಂಡೆ. ಆದ್ರೆ ಕಲ್ಲಿನ ನಡುವೆ ಸಂದಿ ಇರೋದ್ರಿಂದ ಸ್ವಲ್ಪ ನೀರು ಸೋರಿ ಹೋಗಿ ಒತ್ತಡ ಕಡಿಮೆಯಾಗುತ್ತೆ. ನೆಲ ಕುಸಿದ್ರೆ ಬುಟ್ಟಿ ಬಗ್ಗುತ್ತೆ, ಕಾಂಕ್ರೀಟಿನ ಥರ ಬಿರುಕು ಬಿಡಲ್ಲ. 1799ರಲ್ಲಿ ಕಾವೇರಿ ದಂಡೆಯಲ್ಲಿ ಟಿಪ್ಪುವಿನ ಗುಂಡು ತಡೆಯೋಕೆ ಬಂದ ವಿದ್ಯೆ, 2024ರಲ್ಲಿ ಬುಡಮೇರು ದಂಡೆಯಲ್ಲಿ ನೀರು ತಡೆಯೋಕೆ. ಒಂದು ವಾರದಲ್ಲಿ ಆ ಬಿರುಕು ಮುಚ್ಚಿತು.

ಅದಕ್ಕೆ ಒಂದು ತಿಂಗಳು ಮುಂಚೆ ವಯನಾಡಿನ ಚೂರಲ್‌ಮಲದಲ್ಲಿ ಭೂಕುಸಿತ ಆದಾಗ ಸೇತುವೆ ಕಟ್ಟಿದ್ದು ಖುದ್ದು ನಮ್ಮ ಹಲಸೂರಿನ ಎಂ.ಇ.ಜಿ.ಯವರು. ಬೈಲಿ ಸೇತುವೆ, 190 ಅಡಿ, 24 ಟನ್ ತಡೆಯೋದು, ಸುಮಾರು 31 ಗಂಟೆಯಲ್ಲಿ. ಮೇಜರ್ ಸೀತಾ ಶೇಳ್ಕೆ ಅವರ ಫೋಟೋ ಎಲ್ಲರ ವಾಟ್ಸಾಪಲ್ಲೂ ಓಡಾಡಿತು. ಬೈಲಿ ಸೇತುವೆ ಅಂದ್ರೆ ಎರಡನೇ ಮಹಾಯುದ್ಧದಲ್ಲಿ ಡೊನಾಲ್ಡ್ ಬೈಲಿ ಅನ್ನೋ ಇಂಗ್ಲಿಷ್ ಎಂಜಿನಿಯರ್ ಹಾಕಿದ ವಿನ್ಯಾಸ. ಹತ್ತಡಿ ಉದ್ದದ ಕಬ್ಬಿಣದ ಚೌಕಟ್ಟುಗಳು, ಆರು ಜನ ಹೊತ್ತುಕೊಂಡು ಹೋಗಬಹುದು, ಕ್ರೇನ್ ಬೇಡ. ಒಂದಕ್ಕೊಂದು ಪಿನ್ ಹಾಕಿ ಜೋಡಿಸಿ, ರೋಲರ್ ಮೇಲೆ ಆಚೆ ದಡಕ್ಕೆ ತಳ್ಳೋದು. 190 ಅಡಿಗೆ ಅಂಥ 19 ಮನೆ. ಸುಬೇದಾರರು ಆ ಎರಡು ದಿನ ಟಿ.ವಿ. ಬಿಟ್ಟು ಏಳಲಿಲ್ಲ. ನ್ಯೂಸಿನವರು ಏನೇನೋ ಹೇಳ್ತಿದ್ದರೆ ಇವರು ಸೋಫಾದಲ್ಲಿ ಕೂತು ಚೌಕಟ್ಟು ಎಣಿಸ್ತಿದ್ದರು.

ಪ್ರವಾಹ ಇಳಿದು ಎರಡು ವಾರಕ್ಕೆ ನಾನು ವೈಜಾಗಿನಿಂದ ವಿಜಯವಾಡಕ್ಕೆ ರೈಲಲ್ಲಿ ಹೋದೆ. ದಾರಿಯಲ್ಲಿ ರಾಜಮಂಡ್ರಿ, ಗೋದಾವರಿ ಸೇತುವೆ. ಅಲ್ಲಿಂದ ಸ್ವಲ್ಪ ಕೆಳಗೆ ಧವಳೇಶ್ವರಂ. 1847ರಿಂದ 1852ರ ತನಕ ಅಲ್ಲಿ ಅಣೆಕಟ್ಟು ಕಟ್ಟಿಸಿದ ಆರ್ಥರ್ ಕಾಟನ್ ಮದ್ರಾಸ್ ಎಂಜಿನಿಯರ್ಸ್ ಅಧಿಕಾರಿ. ಆಗ ವ್ಯವಸ್ಥೆ ಹಾಗಿತ್ತು, ಎಂಜಿನಿಯರ್ ಅಂದ್ರೆ ಬಿಳಿ ಅಧಿಕಾರಿ, ಸ್ಯಾಪರ್ ಅಂದ್ರೆ ಅವನ ಕೈಕೆಳಗಿನ ಕರಿ ಸಿಪಾಯಿ. ಅಣೆಕಟ್ಟಿನ ಕೆಲಸಕ್ಕೆ ಸಾವಿರಾರು ಕೂಲಿಗಳ ಜೊತೆ ಸ್ಯಾಪರ್ ತುಕಡಿಯೂ ಬಂದಿತ್ತು. ವಿಶಾಖಪಟ್ಟಣದ ಬಂದರಿಗೂ ಕಾಟನ್ ಯೋಜನೆ ಹಾಕಿದ್ದ, ಬಂದರು ಬಂದದ್ದು ಮಾತ್ರ 1933ಕ್ಕೆ. ಗೋದಾವರಿ ಆದ ಮೇಲೆ ಕೃಷ್ಣೆ, ಬೆಜವಾಡದ ಎರಡು ಬೆಟ್ಟಗಳ ನಡುವೆ 1855ಕ್ಕೆ ಅಣೆಕಟ್ಟು. ಅದು 1952ರಲ್ಲಿ ಒಡೆಯಿತು, ಆಮೇಲೆ ಬಂದದ್ದೇ 1957ರ ಪ್ರಕಾಶಂ ಬ್ಯಾರೇಜ್. ಗೋದಾವರಿ ಕಡೆ ಪುಷ್ಕರದಲ್ಲಿ ಕಾಟನ್ ಹೆಸರಲ್ಲಿ ತರ್ಪಣ ಬಿಡೋ ರೈತರಿದ್ದಾರೆ, ಊರೂರಿಗೆ ಅವನ ಪ್ರತಿಮೆ. ಕಲ್ಲು ಹೊತ್ತವರ ಪ್ರತಿಮೆ ನನಗೆಲ್ಲೂ ಕಾಣಲಿಲ್ಲ.

ಸಿಂಗ್ ನಗರದ ಆ ಮನೆಯ ಗೋಡೆ ಮೇಲೆ ನೀರು ನಿಂತ ಗುರುತು ನನ್ನ ಎದೆಮಟ್ಟಕ್ಕಿತ್ತು. ಹುಡುಗನ ತಾಯಿ ಹಾಸಿಗೆ, ಅಕ್ಕಿ, ಮಗನ ಡಿಗ್ರಿ ಸರ್ಟಿಫಿಕೇಟು ಎಲ್ಲಾ ಮಹಡಿ ಮೇಲೆ ಒಣಗಿಸ್ತಿದ್ದರು. ಸರ್ಟಿಫಿಕೇಟಿನ ಮೇಲೆ ಇಸ್ತ್ರಿಪೆಟ್ಟಿಗೆ ಭಾರ ಇಟ್ಟಿದ್ದರು. ಮಾರನೇ ದಿನ ಹುಡುಗನೇ ಬೈಕಲ್ಲಿ ನನ್ನನ್ನು ಬುಡಮೇರು ದಂಡೆಗೆ ಕರ್ಕೊಂಡು ಹೋದ. ಮೇಲೆಲ್ಲ ಮಣ್ಣು ಹಾಕಿ ಏರಿ ಎತ್ತರಿಸ್ತಿದ್ದರು. ಒಂದು ಮೂಲೆಯಲ್ಲಿ ಮಾತ್ರ ಜಾಲರಿ ಬುಟ್ಟಿಗಳು ಇನ್ನೂ ಕಾಣ್ತಿದ್ದವು. ಫೋಟೋ ತಗೊಂಡೆ.

ವೈಜಾಗಿಗೆ ಬಂದು ಸುಬೇದಾರರಿಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು, ಫೋಟೋ ದೊಡ್ಡದು ಮಾಡಿ, ತಂತಿ ಗಂಟು ಹಾಕಿರೋ ಜಾಗ ಒಂದೊಂದೇ ನೋಡಿದರು. "ಕಟ್ಟು ಸರಿಯಾಗಿದೆ" ಅಂದರು. ಆಮೇಲೆ ಕೇಳಿದರು: ಮುಂದಿನ ಸಲ ಬೆಂಗಳೂರಿಗೆ ಹೋದಾಗ ಸೆಂಟರಿನ ಗೇಟಿನ ಒಂದು ಫೋಟೋ ತರ್ತೀರಾ?

ದೀಪಾವಳಿಗೆ ಹೋದಾಗ ಪ್ರಯತ್ನಪಟ್ಟೆ. ಗೇಟಿನ ಎದುರು ಫೋನ್ ಎತ್ತಿದ ತಕ್ಷಣ ಕಾವಲಿನ ಹುಡುಗ ಕೈ ಆಡಿಸಿ ಬೇಡ ಅಂದ. ಅವನ ಕೆಲಸ ಅವನು ಮಾಡಿದ. ಕೆರೆ ಕಡೆ ತಿರುಗಿ ಒಂದು ಫೋಟೋ ತೆಗೆದು ಅಲ್ಲಿಂದಲೇ ಕಳಿಸಿದೆ. ಎರಡು ನಿಮಿಷಕ್ಕೆ ಉತ್ತರ ಬಂತು: "ನೀರು ಕಮ್ಮಿ ಆಗಿದೆ. ನಮ್ಮ ಕಾಲದಲ್ಲಿ ಆ ಕಲ್ಲಿನ ತನಕ ಇತ್ತು."